ಗ್ಲುಕೋಮೀಟರಿನ ಸಂಖ್ಯೆ ಅಂಕವಲ್ಲ: ಟೈಪ್ 1 ಮಧುಮೇಹವಿರುವ ವಿದ್ಯಾರ್ಥಿಯ ಸ್ವಯಂ ಆರೈಕೆಗೆ ತರಗತಿಯ ಆಸರೆ

ಬೋಧನಾಭ್ಯಾಸದ ಅವಲೋಕನ ಪತ್ರದಲ್ಲಿ 'ತರಗತಿ ನಿರ್ವಹಣೆ' ಎಂಬ ಅಂಶಕ್ಕೆ ನಾನು ಸಾಮಾನ್ಯವಾಗಿ ಕೈ ಬಿಗಿಹಿಡಿದೇ ಅಂಕ ಕೊಡುವವನು. ಸಿಂಧನೂರಿನ ಸಮೀಪದ ಒಂದು ಕ್ಯಾಂಪಿನ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಗೆ ಬಹುಪದೋಕ್ತಿಗಳ ಪಾಠ ಮಾಡುತ್ತಿದ್ದ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರಿಗೆ ಮಾತ್ರ ಅಂದು ಹತ್ತಕ್ಕೆ ಎಂಟು ಕೊಟ್ಟಿದ್ದೆ. ಮಧ್ಯಾಹ್ನದ ಊಟಕ್ಕೆ ಮುಂಚಿನ ಅವಧಿ. ಮೂರನೇ ಬೆಂಚಿನ ಬಾಲಕಿ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಪ್ರಶಿಕ್ಷಣಾರ್ಥಿ ಪಾಠ ನಿಲ್ಲಿಸದೆ ಅವಳ ಹತ್ತಿರ ನಡೆದು ಹೋಗಿ ಒಂದು ಪ್ರಶ್ನೆ ಕೇಳಿದರು. ಅವಳು ಏನೋ ಸಂಬಂಧವಿಲ್ಲದ ಉತ್ತರ ಹೇಳಿದಳು. ತರಗತಿ ನಕ್ಕಿತು. 'ನಿದ್ದಿ ಹೋಗೂತನಕ ನಿಂತ್ಕೋ' ಎಂದು ಅವಳನ್ನು ನಿಲ್ಲಿಸಿ ಮತ್ತೆ ಕರಿಹಲಗೆಗೆ ಬಂದರು. ಗದ್ದಲವಿಲ್ಲ, ಸಮಯ ಹಾಳಾಗಲಿಲ್ಲ, ದನಿ ಏರಲಿಲ್ಲ. ನಾನು ಹಿಂದಿನ ಬೆಂಚಿನಲ್ಲಿ ಕುಳಿತು 'ಶಿಸ್ತನ್ನು ಸಂಯಮದಿಂದ ಕಾಪಾಡಿದ್ದಾರೆ' ಎಂದು ಬರೆದೆ.

ಎರಡು ನಿಮಿಷದ ನಂತರ ಪಕ್ಕದ ಹುಡುಗಿ ಎದ್ದು, ಕೇಳದೆಯೇ ಅವಳನ್ನು ಕೂರಿಸಿದಳು. ಕಂಪಾಸ್ ಪೆಟ್ಟಿಗೆಯಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಕಟ್ಟಿದ ಸಕ್ಕರೆಯ ಪೊಟ್ಟಣ ತೆಗೆದು ಅವಳ ಬಾಯಿಗೆ ಹಾಕಿದಳು. ಆಗ ನನಗೆ ಕಂಡದ್ದು: ನಿಂತಿದ್ದವಳ ಕುತ್ತಿಗೆ ಬೆವರಿನಿಂದ ಒದ್ದೆಯಾಗಿತ್ತು, ಬೆರಳು ನಡುಗುತ್ತಿದ್ದವು. 'ಆಕಿಗಿ ಸಕ್ರಿ ಇಳಿದದ್ರಿ ಸರ್' ಎಂದಳು ಆ ಗೆಳತಿ. ಬಿ.ಎಡ್. ಕಲಿಯುತ್ತಿರುವ ಒಬ್ಬರು, ಬಿ.ಎಡ್. ಕಲಿಸುವ ಒಬ್ಬರು ಇದ್ದ ಕೋಣೆಯಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತಿದ್ದದ್ದು ಒಂಬತ್ತನೇ ತರಗತಿಯ ಒಬ್ಬ ಹುಡುಗಿಗೆ.

ಆ ದಿನದಿಂದ ನಮ್ಮ ಇಂಟರ್ನ್‌ಶಿಪ್ ಮುಗಿಯುವವರೆಗೆ ನಾವು ಕಲಿತದ್ದನ್ನು, ತಪ್ಪಿದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ. ಇದು ವೈದ್ಯಕೀಯ ಲೇಖನವಲ್ಲ. ಇನ್ಸುಲಿನ್ ಪ್ರಮಾಣ ನಿರ್ಧರಿಸುವುದು ವೈದ್ಯರ ಮತ್ತು ಕುಟುಂಬದ ಕೆಲಸ. ಶಾಲೆಯಲ್ಲಿ ಆ ಮಗು ತನ್ನನ್ನು ತಾನು ನೋಡಿಕೊಳ್ಳಲು ನಾವು ಜಾಗ ಕೊಡುತ್ತೇವೆಯೋ ಇಲ್ಲವೋ ಎಂಬುದಷ್ಟೇ ನನ್ನ ವಿಷಯ.

ಕಾಯಿಲೆಯ ಬಗ್ಗೆ ಶಿಕ್ಷಕರಿಗೆ ಬೇಕಾದಷ್ಟು

ನಮ್ಮ ಭಾಗದಲ್ಲಿ 'ಸಕ್ರಿ ಬ್ಯಾನಿ' ಎಂದರೆ ಐವತ್ತು ದಾಟಿದವರ ಕಾಯಿಲೆ. ಅದು ಬಹುತೇಕ ಟೈಪ್ 2. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಟೈಪ್ 1 ಬೇರೆಯೇ. ದೇಹದ ರೋಗನಿರೋಧಕ ವ್ಯವಸ್ಥೆ ತಪ್ಪಾಗಿ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನೇ ನಾಶ ಮಾಡುತ್ತದೆ. ಇನ್ಸುಲಿನ್ ತಯಾರಾಗುವುದು ನಿಲ್ಲುತ್ತದೆ. ಸಿಹಿ ತಿಂದದ್ದರಿಂದ ಬಂದದ್ದಲ್ಲ, ತಾಯಿಯ ಆರೈಕೆ ಕಡಿಮೆಯಾಗಿ ಬಂದದ್ದಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಹೊರಗಿನಿಂದ ಇನ್ಸುಲಿನ್ ಕೊಡದೆ ಬೇರೆ ದಾರಿಯಿಲ್ಲ. ಪಥ್ಯದಿಂದ, ಕಷಾಯದಿಂದ ವಾಸಿಯಾಗುತ್ತದೆಂದು ಯಾರೋ ಹೇಳಿದ ಮಾತು ಕೇಳಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಕೀಟೋನ್ ಆಮ್ಲ ತುಂಬಿ ಜೀವಕ್ಕೆ ಅಪಾಯ. ಶಿಕ್ಷಕರ ಕೊಠಡಿಯಲ್ಲಿ ಇಂಥ ಸಲಹೆ ಕೊಡುವವರು ಇದ್ದೇ ಇರುತ್ತಾರೆ. ಅವರನ್ನು ನಯವಾಗಿ ಆದರೆ ಖಂಡಿತವಾಗಿ ತಡೆಯಬೇಕು.

ಕರ್ನಾಟಕದಲ್ಲಿ 1995ರಿಂದ ನಡೆಸಿದ ಮಧುಮೇಹ ನೋಂದಣಿಯ ಲೆಕ್ಕದಂತೆ ವರ್ಷಕ್ಕೆ ಒಂದು ಲಕ್ಷ ಮಕ್ಕಳಲ್ಲಿ ಹೊಸದಾಗಿ ಈ ಕಾಯಿಲೆ ಕಾಣಿಸಿಕೊಳ್ಳುವುದು ಸುಮಾರು ನಾಲ್ವರಲ್ಲಿ. ಸಂಖ್ಯೆ ಸಣ್ಣದು. ಹಾಗಾಗಿಯೇ ಒಂದು ಶಾಲೆಯಲ್ಲಿ ಇದ್ದರೆ ಒಬ್ಬರು, ಇಲ್ಲದಿದ್ದರೆ ಇಲ್ಲ. ಯಾವ ಶಾಲೆಯೂ ಸಿದ್ಧವಾಗಿರುವುದಿಲ್ಲ. ಆದರೆ ದೇಶದ ಲೆಕ್ಕ ಹಿಡಿದರೆ ಇಪ್ಪತ್ತು ವರ್ಷದೊಳಗಿನ ಇಂಥವರು ಭಾರತದಲ್ಲಿ 2 ಲಕ್ಷಕ್ಕೂ ಹೆಚ್ಚು ಎಂದು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜು.

ಇನ್ನೂ ಪತ್ತೆಯಾಗದ ಮಗುವನ್ನು ಮೊದಲು ಗುರುತಿಸುವವರು ಶಿಕ್ಷಕರೇ ಆಗಬಹುದು. ಚೆನ್ನಾಗಿದ್ದ ಮಗು ಎರಡು ಮೂರು ವಾರಗಳಲ್ಲಿ ಸೊರಗಿದರೆ, ಪದೇ ಪದೇ ಮೂತ್ರಕ್ಕೆ ಕೇಳಿಕೊಂಡರೆ, ಬಾಟಲಿಗಟ್ಟಲೆ ನೀರು ಕುಡಿದರೆ, ಸದಾ ಸುಸ್ತಾಗಿದ್ದರೆ, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳಿನ ಒಂದು ಹನಿ ರಕ್ತ ಪರೀಕ್ಷಿಸಿದರೆ ಸಾಕು. ವಾಂತಿ, ಹೊಟ್ಟೆನೋವು, ಜೋರಾದ ಆಳವಾದ ಉಸಿರು, ಉಸಿರಿನಲ್ಲಿ ಹಣ್ಣಿನಂಥ ವಾಸನೆ ಬಂದರೆ ಕಾಯುವಂತಿಲ್ಲ. ಆಗ ಅದು ಹೊಟ್ಟೆ ಕೆಟ್ಟದ್ದಲ್ಲ, ಕೀಟೋನ್ ಏರಿರಬಹುದು. ಸಿಂಧನೂರಿನಿಂದ ರಾಯಚೂರಿನ ರಿಮ್ಸ್‌ಗೆ ಸುಮಾರು 90 ಕಿಲೋಮೀಟರ್ ಇದೆ. ಅರ್ಧ ದಿನ ಕಾದು ನೋಡೋಣ ಎನ್ನುವಂತಿಲ್ಲ.

ಆ ಅವಧಿಯಲ್ಲಿ ನಾವಿಬ್ಬರೂ ನೋಡದೇ ಹೋದದ್ದು ಇದರ ಇನ್ನೊಂದು ತುದಿ, ಸಕ್ಕರೆ ಇಳಿಯುವುದು. ರಕ್ತದ ಒಂದು ಡೆಸಿಲೀಟರಿನಲ್ಲಿ ಗ್ಲುಕೋಸ್ 70 ಮಿಲಿಗ್ರಾಂಗಿಂತ ಕೆಳಗೆ ಹೋದರೆ ತಕ್ಷಣ ಕ್ರಮ ಬೇಕು. ಬೆವರು, ನಡುಕ, ಹಸಿವು, ಬಿಳಿಚಿದ ಮುಖ ಮೊದಲು. ಮಿದುಳಿಗೆ ಗ್ಲುಕೋಸ್ ಸಾಲದಾದಾಗ ಗೊಂದಲ, ಸಿಡುಕು, ತೂಕಡಿಕೆ, ಅಸಂಬದ್ಧ ಉತ್ತರ. ಈ ಪಟ್ಟಿಯನ್ನು ಶಿಕ್ಷಕರ ಕಣ್ಣಿನಿಂದ ಮತ್ತೊಮ್ಮೆ ಓದಿ: ಗಮನ ಕೊಡದಿರುವುದು, ಎದುರುತ್ತರ, ತರಗತಿಯಲ್ಲಿ ನಿದ್ದೆ. ಸಕ್ಕರೆ ಏರಿದಾಗ ಪದೇ ಪದೇ ಹೊರಗೆ ಹೋಗಲು ಕೇಳುವುದು; ಅದು ಪಾಠ ತಪ್ಪಿಸುವ ನೆಪದಂತೆ ಕಾಣುತ್ತದೆ. ಅಂದರೆ ಏರಿದರೂ ಇಳಿದರೂ ನಮಗೆ ಕಾಣುವುದು ಅಶಿಸ್ತು. ನಾನು ಆ ಎಂಟು ಅಂಕ ಕೊಟ್ಟದ್ದು ಹೀಗೆ.

ಏನು ಮಾಡಬೇಕು ಎಂಬುದು ಸರಳ. ಗ್ಲುಕೋಮೀಟರ್ ಕೈಯಲ್ಲಿದ್ದರೆ ನೋಡಿಕೊಳ್ಳಲಿ. ಇಲ್ಲದಿದ್ದರೆ, ಲಕ್ಷಣವಿದ್ದರೆ, ಇಳಿದಿದೆ ಎಂದೇ ಭಾವಿಸಿ ಸಕ್ಕರೆ ಕೊಡಿ. ತಪ್ಪಾಗಿ ಕೊಟ್ಟರೆ ಆಗುವ ಹಾನಿ ಅಲ್ಪ, ಕೊಡದಿದ್ದರೆ ಆಗುವುದು ದೊಡ್ಡದು. 50 ಕಿಲೋ ತೂಕದವರಿಗೆ 15 ಗ್ರಾಂ ಗ್ಲುಕೋಸ್, 30 ಕಿಲೋದ ಮಗುವಿಗೆ ಸುಮಾರು 9 ಗ್ರಾಂ. ಮನೆ ಲೆಕ್ಕದಲ್ಲಿ ಎರಡರಿಂದ ಮೂರು ಟೀ ಚಮಚ ಸಕ್ಕರೆ, ನೀರಿನಲ್ಲಿ ಕದಡಿ. 15 ನಿಮಿಷ ಕಾದು ಮತ್ತೆ ನೋಡಬೇಕು, ಏರದಿದ್ದರೆ ಮತ್ತೊಮ್ಮೆ. ಊಟ ದೂರವಿದ್ದರೆ ಆಮೇಲೆ ಎರಡು ಬಿಸ್ಕತ್ತು ಅಥವಾ ಅರ್ಧ ರೊಟ್ಟಿ. ಶೇಂಗಾ ಚಿಕ್ಕಿ, ಚಾಕೊಲೇಟ್ ಮೊದಲ ಆಯ್ಕೆಯಲ್ಲ, ಅವುಗಳಲ್ಲಿರುವ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಮಗುವನ್ನು ಒಂಟಿಯಾಗಿ ಮುಖ್ಯೋಪಾಧ್ಯಾಯರ ಕೊಠಡಿಗಾಗಲಿ ಮನೆಗಾಗಲಿ ಕಳಿಸಬೇಡಿ. ಪ್ರಜ್ಞೆ ತಪ್ಪಿದರೆ ಅಥವಾ ಸೆಳವು ಬಂದರೆ ಬಾಯಿಗೆ ಏನನ್ನೂ ಹಾಕಬಾರದು. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಬೇಕು.

ಮುಚ್ಚಿಡುವುದು ಮತ್ತು ಬಿಚ್ಚಿಡುವುದು

ಸಂಜೆ ವಿಚಾರಿಸಿದಾಗ ತಿಳಿದದ್ದು: ಅವಳಿಗೆ ಹನ್ನೊಂದನೇ ವರ್ಷದಿಂದ ಕಾಯಿಲೆ. ದಿನಕ್ಕೆ ಎರಡು ಬಾರಿ ಮಿಶ್ರ ಇನ್ಸುಲಿನ್. ಈ ಬಗೆಯ ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಊಟದ ಹೊತ್ತು ತಪ್ಪಬಾರದು. ಅಂದು ಬೇಗ ಬರುವ ಬಸ್ಸಿಗೆ ಓಡಿ ಬಂದವಳು ಇನ್ಸುಲಿನ್ ತಗೊಂಡಿದ್ದಳು, ಬುತ್ತಿ ಬಿಚ್ಚಿರಲಿಲ್ಲ. ತರಗತಿಯಲ್ಲಿ ತಿನ್ನಬಾರದು ಎಂಬ ನಿಯಮವಿತ್ತು. ಕಂಪಾಸ್ ಪೆಟ್ಟಿಗೆಯಲ್ಲಿ ಸಕ್ಕರೆ ಇದ್ದರೂ ಅವಳು ಕೈ ಹಾಕಿರಲಿಲ್ಲ.

ಮರುದಿನ ನಮ್ಮ ಪ್ರಶಿಕ್ಷಣಾರ್ಥಿ, ಹಿಂದಿನ ದಿನದ ಪಶ್ಚಾತ್ತಾಪದಿಂದ, ಒಳ್ಳೆಯ ಉದ್ದೇಶದಿಂದಲೇ ಇನ್ನೊಂದು ತಪ್ಪು ಮಾಡಿದರು. ಪಾಠದ ಮೊದಲ ಹತ್ತು ನಿಮಿಷ ಮಧುಮೇಹದ ಬಗ್ಗೆ ತರಗತಿಗೆ ವಿವರಿಸಿ, ಅವಳ ಹೆಸರು ಹೇಳಿ, 'ಇವಳನ್ನು ಎಲ್ಲರೂ ನೋಡಿಕೊಳ್ಳಬೇಕು' ಎಂದರು. ನಾನು ಹಿಂದೆ ಕುಳಿತು ತಲೆಯಾಡಿಸಿದೆ. ಅವಳು ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೇ ದಿನ ಬಂದ ತಾಯಿ ಸಿಟ್ಟಿನಿಂದಲ್ಲ, ಅಳುಕಿನಿಂದ ಕೇಳಿದರು: ಊರಾಗ ಗೊತ್ತಾದ್ರ ನಾಳಿಗಿ ಇಕಿನ ಯಾರ್ ಮದಿವಿ ಮಾಡ್ಕೋತಾರ್ರಿ? ಉತ್ತರ ನನ್ನ ಬಳಿ ಇರಲಿಲ್ಲ. ಮದುವೆಯ ಬಗ್ಗೆ ಉಪನ್ಯಾಸ ಕೊಡುವ ಸಂದರ್ಭವೂ ಅದಾಗಿರಲಿಲ್ಲ.

ಇದು ನಮ್ಮ ಊರಿನ ಹಿಂದುಳಿದತನ ಎಂದುಕೊಳ್ಳುವುದು ಸುಲಭ. ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ, ಕೆನಡಾದ ಟೊರೊಂಟೊದಲ್ಲಿ. 1922ರ ಜನವರಿಯಲ್ಲಿ ಅದನ್ನು ಪಡೆದ ಮೊದಲ ರೋಗಿ ಲೆನಾರ್ಡ್ ಥಾಂಪ್ಸನ್ ಹದಿನಾಲ್ಕು ವರ್ಷದ ಹುಡುಗ, ನಮ್ಮ ಒಂಬತ್ತನೇ ತರಗತಿಯವನಷ್ಟೇ ವಯಸ್ಸು. ಅದೇ ವರ್ಷದ ಆಗಸ್ಟ್‌ನಲ್ಲಿ ಎಲುಬಿನ ಗೂಡಾಗಿ ಅಲ್ಲಿಗೆ ಬಂದ ಎಲಿಜಬೆತ್ ಹ್ಯೂಸ್ ಎಂಬ ಹುಡುಗಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯ ಮಗಳು. ಬೇಗನೆ ತಾನೇ ಚುಚ್ಚಿಕೊಳ್ಳಲು ಕಲಿತಳು, ಓದಿದಳು, ಮದುವೆಯಾದಳು, ಮಕ್ಕಳನ್ನು ಹೆತ್ತಳು, 1981ರವರೆಗೆ ಬದುಕಿದಳು. ಅಷ್ಟು ಕಾಲವೂ ತನಗೆ ಮಧುಮೇಹವಿದೆ ಎಂಬುದನ್ನು ಹೊರಗಿನವರಿಂದ ಮುಚ್ಚಿಟ್ಟಳು. ಹಣ, ಅಧಿಕಾರ, ವಿದ್ಯೆ ಎಲ್ಲ ಇದ್ದ ಮನೆಯ ಮಗಳೇ ಮುಚ್ಚಿಟ್ಟಳೆಂದರೆ, ಕ್ಯಾಂಪಿನ ಹುಡುಗಿ ಮುಚ್ಚಿಡುವುದರಲ್ಲಿ ಆಶ್ಚರ್ಯವೇನಿದೆ?

ನಾವು ಅಲ್ಲಿಂದ ಕಲಿತದ್ದು: ಯಾರಿಗೆ ಹೇಳಬೇಕು ಎಂಬುದನ್ನು ಮಗು ಮತ್ತು ಮನೆಯವರ ಜೊತೆ ಕುಳಿತು ನಿರ್ಧರಿಸಬೇಕು. ಮುಖ್ಯೋಪಾಧ್ಯಾಯರು, ಆ ತರಗತಿಗೆ ಹೋಗುವ ಎಲ್ಲ ಶಿಕ್ಷಕರು, ದೈಹಿಕ ಶಿಕ್ಷಕರು, ಬಿಸಿಯೂಟದ ಮುಖ್ಯ ಅಡುಗೆಯವರು, ಅವಳೇ ಆರಿಸಿದ ಇಬ್ಬರು ಗೆಳತಿಯರು. ಇವರಿಗೆ ತಿಳಿಯಲೇಬೇಕು, ಇದು ಜೀವದ ಪ್ರಶ್ನೆ ಎಂದು ತಾಯಿಗೆ ವಿವರಿಸಿದಾಗ ಒಪ್ಪಿದರು. ಉಳಿದವರಿಗೆ ಹೇಳುವುದು ಬಿಡುವುದು ಅವಳದ್ದು. ಪಾಠ ಯೋಜನೆಯ ನಮೂನೆಯಲ್ಲಿ 'ವಿಶೇಷ ಗಮನ ಬೇಕಾದ ಮಕ್ಕಳು' ಎಂಬ ಸಾಲು ಇದೆಯಷ್ಟೆ. ನಾನು ನೋಡಿದ ನೂರಾರು ಯೋಜನೆಗಳಲ್ಲಿ ಅಲ್ಲಿ 'ಇಲ್ಲ' ಎಂದೇ ಇರುತ್ತದೆ, ಮೊದಲ ಪಾಠದಲ್ಲಿ ಬರೆದದ್ದು ಕೊನೆಯ ಪಾಠದವರೆಗೆ ನಕಲಾಗುತ್ತದೆ. ಈ ಸಾಲನ್ನು ತುಂಬುವ ಮೊದಲು ತರಗತಿ ಶಿಕ್ಷಕರನ್ನು ಒಮ್ಮೆ ಕೇಳಿ ಎಂಬ ಸೂಚನೆಯನ್ನು ನಾವು ಈಗ ಸೇರಿಸಿದ್ದೇವೆ. ಆದರೆ ಕೇಳಿ ತಿಳಿದ ಹೆಸರನ್ನು ಎಲ್ಲರ ಕೈಗೆ ಹೋಗುವ ಕಡತದಲ್ಲಿ ಬರೆಯಬಾರದು.

ಸುಳ್ಳು ದಾಖಲೆಯ ಪುಸ್ತಕ

ಆ ಮಧ್ಯೆ ವೈದ್ಯರು ಅವಳ ಚಿಕಿತ್ಸೆ ಬದಲಿಸಿದರು: ರಾತ್ರಿ ಒಂದು ದೀರ್ಘ ಕಾಲದ ಇನ್ಸುಲಿನ್, ಮೂರೂ ಊಟಕ್ಕೆ ಮುಂಚೆ ಒಂದೊಂದು ಶೀಘ್ರ ಇನ್ಸುಲಿನ್. ಊಟದ ಹೊತ್ತಿನಲ್ಲಿ ಸ್ವಲ್ಪ ಸ್ವಾತಂತ್ರ್ಯ ಸಿಕ್ಕಿತು. ಜೊತೆಗೆ ಒಂದು ಚುಚ್ಚುಮದ್ದು ಶಾಲೆಯೊಳಗೆ ಬಂತು. ಊಟಕ್ಕೆ ಮುಂಚೆ ಬೆರಳು ಚುಚ್ಚಿ ನೋಡುವುದು, ಎಷ್ಟು ಊಟ ಮಾಡುತ್ತೇನೆಂದು ಅಂದಾಜಿಸುವುದು, ಪ್ರಮಾಣ ಹಾಕಿಕೊಳ್ಳುವುದು. ಹದಿನಾಲ್ಕರ ಹುಡುಗಿ ದಿನವೂ ಮಾಡಬೇಕಾದ ಈ ಲೆಕ್ಕ ಬಹುಪದೋಕ್ತಿಗಿಂತ ಕಷ್ಟದ್ದು.

ಅವಳು ಓದುಗಳನ್ನು ಬರೆದಿಡುವ ಒಂದು ನೋಟ್‌ಬುಕ್ ಇತ್ತು. ಪ್ರಶಿಕ್ಷಣಾರ್ಥಿ ಅದನ್ನು ನೋಡಿ ಮೆಚ್ಚಿದರು: 110, 120, 115, 130. ಗಣಿತದವರಿಗೆ ಅನುಮಾನ ಬರಬೇಕಿತ್ತು. ಎಲ್ಲವೂ ಸೊನ್ನೆಗೋ ಐದಕ್ಕೋ ಮುಗಿಯುತ್ತಿದ್ದವು. ಗ್ಲುಕೋಮೀಟರಿನ ನೆನಪಿನಲ್ಲಿ ಇದ್ದದ್ದು ಬೇರೆ: 243, 61, 312, 188. ಕೆಲವು ದಿನ ಏನೂ ಇಲ್ಲ. ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ಹೆಚ್ಚು ಬಂದರೆ ಅಪ್ಪ ಬೈಯುತ್ತಾರೆ, ಏನು ತಿಂದಿ ಎಂದು ಕೇಳುತ್ತಾರೆ, ಅಜ್ಜಿ ಅಳುತ್ತಾಳೆ. ಕಡಿಮೆ ಬಂದರೆ ಆಟಕ್ಕೆ ಬಿಡುವುದಿಲ್ಲ. ಆದ್ದರಿಂದ 120.

ಇದು ನಮಗೆ ಹೊಸದೇನಲ್ಲ. ಮನೆಗೆಲಸ ನಕಲು ಮಾಡುವ ಮಗುವನ್ನು ನಾವು ದಿನವೂ ನೋಡುತ್ತೇವೆ. ತಪ್ಪಿಗೆ ಶಿಕ್ಷೆಯಿರುವ ಕಡೆ ತಪ್ಪು ಅಡಗುತ್ತದೆ, ಕಲಿಕೆ ನಿಲ್ಲುತ್ತದೆ ಎಂದು ರೂಪಣಾತ್ಮಕ ಮೌಲ್ಯಮಾಪನದ ಘಟಕದಲ್ಲಿ ನಾವೇ ಪಾಠ ಮಾಡುತ್ತೇವೆ. ಗ್ಲುಕೋಮೀಟರಿನ ಓದು ಸಂಕಲನಾತ್ಮಕ ಪರೀಕ್ಷೆಯ ಅಂಕವಲ್ಲ, ಮುಂದಿನ ಹೆಜ್ಜೆ ಯಾವುದು ಎಂದು ತೋರಿಸುವ ಮಾಹಿತಿ. 312 ಎಂದರೆ 'ನೀನು ತಪ್ಪು ಮಾಡಿದೆ' ಅಲ್ಲ. 'ಈಗ ಏನೋ ಬೇಕಾಗಿದೆ' ಎಂದು. ಹೆಚ್ಚಿನ ವೈದ್ಯರು 70ರಿಂದ 180ರ ನಡುವೆ ಇರಲಿ ಎನ್ನುತ್ತಾರೆ, ಆದರೆ ಯಾವ ಮಗುವೂ ಇಡೀ ದಿನ ಅಲ್ಲೇ ನಿಲ್ಲುವುದಿಲ್ಲ. ಹದಿಹರೆಯದ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತವೆ. ಜ್ವರ, ಪರೀಕ್ಷೆಯ ಆತಂಕ, ಮುಟ್ಟಿನ ದಿನಗಳು ಓದನ್ನು ಏರಿಳಿಸುತ್ತವೆ. ಎಲ್ಲವನ್ನೂ ಸರಿಯಾಗಿ ಮಾಡಿದ ದಿನವೂ 250 ಬರಬಹುದು. ಆ ದಿನ ಬೈಸಿಕೊಂಡ ಮಗು ಮರುದಿನ ಪರೀಕ್ಷಿಸುವುದನ್ನೇ ಬಿಡುತ್ತದೆ.

ಹಾಗಾಗಿ ಪ್ರಶಿಕ್ಷಣಾರ್ಥಿ ಕೇಳುವ ಪ್ರಶ್ನೆಯನ್ನು ಬದಲಿಸಿದೆವು. 'ಎಷ್ಟು ಬಂತು?' ಎಂಬುದನ್ನು ಬಿಟ್ಟು 'ನೋಡಿಕೊಂಡೆಯಾ? ಏನಾದರೂ ಬೇಕಾ?' ಎಂದು ಕೇಳಿದರು. 'ಒಳ್ಳೆಯ ಸಕ್ಕರೆ', 'ಕೆಟ್ಟ ಸಕ್ಕರೆ' ಎಂಬ ಮಾತು ನಿಷೇಧ. 'ಏರಿದೆ', 'ಇಳಿದಿದೆ' ಅಷ್ಟೇ. ತಂದೆಯ ಜೊತೆಗೂ ಒಂದು ಸಂಜೆ ಕುಳಿತೆವು. ಅವರು ಕೆಟ್ಟವರಲ್ಲ, ಹೆದರಿದವರು. ನೋಟ್‌ಬುಕ್ಕಿನಲ್ಲಿ ಸುಳ್ಳಿದ್ದರೆ ವೈದ್ಯರು ಸುಳ್ಳಿನ ಮೇಲೆ ಪ್ರಮಾಣ ನಿರ್ಧರಿಸುತ್ತಾರೆ ಎಂದಾಗ ಅವರಿಗೆ ತಟ್ಟಿತು. ಎರಡು ವಾರದ ನಂತರ ನೋಟ್‌ಬುಕ್ಕಿನಲ್ಲಿ 267 ಎಂಬ ಸಂಖ್ಯೆ ಕಂಡಾಗ ನಮಗಾದ ಸಂತೋಷವನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ.

ಆಸರೆಯನ್ನು ಯಾವಾಗ ತೆಗೆಯಬೇಕು

'ಒಂಬತ್ತನೇ ತರಗತಿ, ದೊಡ್ಡವಳಾಗಿದ್ದಾಳೆ, ತನ್ನದು ತಾನೇ ನೋಡಿಕೊಳ್ಳಲಿ' ಎಂದು ಶಾಲೆಯ ಹಿರಿಯ ಶಿಕ್ಷಕರೊಬ್ಬರು ಹೇಳಿದರು. ಸ್ವಯಂ ಆರೈಕೆ ಎಂದರೆ ಒಂಟಿ ಆರೈಕೆ ಎಂಬ ತಪ್ಪು ತಿಳಿವಳಿಕೆ ಇದು. ವುಡ್, ಬ್ರೂನರ್, ರಾಸ್ 1976ರಲ್ಲಿ ವಿವರಿಸಿದ 'ಸ್ಕ್ಯಾಫೋಲ್ಡಿಂಗ್' ನಮ್ಮ ಪಠ್ಯದಲ್ಲೇ ಇದೆ. ಕಲಿಯುವವರ ಸಾಮರ್ಥ್ಯ ಬೆಳೆದಂತೆ ಆಸರೆ ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯಬೇಕು, ಒಂದೇ ದಿನ ಕಿತ್ತು ಹಾಕುವುದಲ್ಲ. ವಯಸ್ಸು ಇಲ್ಲಿ ಅಳತೆಗೋಲಲ್ಲ. ನಮ್ಮ ಹುಡುಗಿ ಚುಚ್ಚಿಕೊಳ್ಳುವುದರಲ್ಲಿ ನಮ್ಮೆಲ್ಲರಿಗಿಂತ ನಿಪುಣೆ. ಊಟದ ಅಂದಾಜಿನಲ್ಲಿ ತಡವರಿಸುತ್ತಿದ್ದಳು. ಇಳಿದಾಗ ಬಾಯಿ ಬಿಟ್ಟು ಕೇಳುವುದಂತೂ ಅವಳಿಂದ ಆಗುತ್ತಿರಲಿಲ್ಲ. ಒಂದೇ ಮಗುವಿನಲ್ಲಿ ಮೂರು ಬೇರೆ ಬೇರೆ ಹಂತ. ಮೊದಲನೆಯದರಲ್ಲಿ ನಾವು ಕೈ ಹಾಕಬಾರದು, ಎರಡನೆಯದರಲ್ಲಿ ಜೊತೆ ಕೂರಬೇಕು, ಮೂರನೆಯದರಲ್ಲಿ ನಾವೇ ಮುಂದಾಗಬೇಕು. ಸಕ್ಕರೆ ತೀರ ಇಳಿದಾಗ ಯಾವ ವಯಸ್ಸಿನವರಿಗೂ ಸ್ವಯಂ ಆರೈಕೆ ಸಾಧ್ಯವಿಲ್ಲ ಎಂಬುದನ್ನು ಆ ಹಿರಿಯರಿಗೆ ಹೇಳಬೇಕಾಯಿತು. ಆ ಹೊತ್ತಿನಲ್ಲಿ ಯೋಚಿಸುವ ಅಂಗಕ್ಕೇ ಇಂಧನವಿರುವುದಿಲ್ಲ.

ಊಟದ ಲೆಕ್ಕಕ್ಕೆ ನಮ್ಮ ಶಾಲೆಗಳೇ ಒಳ್ಳೆಯ ಪ್ರಯೋಗಶಾಲೆ. ಅಕ್ಷರ ದಾಸೋಹದಲ್ಲಿ ಪ್ರೌಢಶಾಲೆಯ ಮಗುವಿಗೆ ಲೆಕ್ಕ 150 ಗ್ರಾಂ ಅಕ್ಕಿ. ಪೂರ್ತಿ ಉಂಡರೆ ಅದರಲ್ಲಿ ಸುಮಾರು 115 ಗ್ರಾಂ ಕಾರ್ಬೊಹೈಡ್ರೇಟ್. ಮನೆಯ ಒಂದು ಜೋಳದ ರೊಟ್ಟಿಗೆ 40 ಗ್ರಾಂ ಹಿಟ್ಟು ಹಿಡಿದರೆ 28 ಗ್ರಾಂ ಆಸುಪಾಸು. ಬಾಳೆಹಣ್ಣು ಮಧ್ಯಮ ಗಾತ್ರದ್ದಾದರೆ 20ರಿಂದ 25. ಮೊಟ್ಟೆಯಲ್ಲಿ ಲೆಕ್ಕಕ್ಕೆ ಬರುವಷ್ಟು ಇಲ್ಲ. ಕ್ಷೀರಭಾಗ್ಯದ ಹಾಲಿಗೆ ಸಕ್ಕರೆ ಹಾಕಿರುತ್ತಾರೆ, ರಾಗಿ ಮಾಲ್ಟಿನಲ್ಲೂ ಸಿಹಿ ಇರುತ್ತದೆ. ಅವಳು ಕುಡಿಯಬಾರದೆಂದಲ್ಲ, ಲೆಕ್ಕಕ್ಕೆ ಸೇರಿಸಬೇಕು. 'ನಿನಗೆ ಬೇಡ' ಎಂದು ಲೋಟ ಹಿಂದಕ್ಕೆ ಎಳೆದುಕೊಳ್ಳುವುದು ಅತಿ ಸಾಮಾನ್ಯವಾದ, ಅತಿ ನೋವಿನ ಕಾಳಜಿ. ಬತ್ತದ ನಾಡಿನಲ್ಲಿ ಅನ್ನ ಬಿಡು ಎಂದು ಹೇಳುವುದಕ್ಕಿಂತ ಯಾವಾಗಲೂ ಒಂದೇ ಸೌಟಿನಿಂದ ಅಳೆದು ಬಡಿಸಿ ಎಂದು ಅಡುಗೆಯವರಿಗೆ ಹೇಳಿದ್ದು ಫಲ ಕೊಟ್ಟಿತು. ಎರಡು ಸೌಟು ಎಂದರೆ ಎಷ್ಟು ಎಂದು ಅವಳು ಮನೆಯಲ್ಲಿ ಒಮ್ಮೆ ತೂಗಿ ನೋಡಿದಳು. ಪ್ರಶಿಕ್ಷಣಾರ್ಥಿ ಇದನ್ನು ಇಡೀ ತರಗತಿಗೆ ಅನುಪಾತದ ಲೆಕ್ಕವಾಗಿ ಕೊಟ್ಟರು, ಈ ಬಾರಿ ಯಾರ ಹೆಸರೂ ಇಲ್ಲದೆ.

ಚುಚ್ಚಿಕೊಳ್ಳಲು ಜಾಗ: ಅವಳು ಅದುವರೆಗೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಎಂದು ಅಂಜಿದ್ದಳು. ವಿಜ್ಞಾನ ಕೊಠಡಿಯ ಮೂಲೆಗೆ ಒಂದು ಕುರ್ಚಿ, ಕೈ ತೊಳೆಯಲು ನೀರು, ಬಳಸಿದ ಸೂಜಿ ಹಾಕಲು ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಬಾಟಲಿ. ಖರ್ಚು ಏನೂ ಇಲ್ಲ. ಊಟದ ಗಂಟೆಗೆ ಐದು ನಿಮಿಷ ಮುಂಚೆ ಕೇಳದೆ ಎದ್ದು ಹೋಗಬಹುದು ಎಂಬ ಒಪ್ಪಂದ. 'ಕೇಳದೆ' ಎಂಬ ಆ ಒಂದು ಪದಕ್ಕೆ ಸಿಬ್ಬಂದಿ ಸಭೆಯಲ್ಲಿ ಅರ್ಧ ಗಂಟೆ ಚರ್ಚೆಯಾಯಿತು. ನನ್ನ ಅಭಿಪ್ರಾಯದಲ್ಲಿ ಉಳಿದೆಲ್ಲಕ್ಕಿಂತ ಮುಖ್ಯವಾದದ್ದು ಅದೇ. ನೀರು ಕುಡಿಯಲು, ಶೌಚಕ್ಕೆ, ಪರೀಕ್ಷಿಸಿಕೊಳ್ಳಲು, ಸಕ್ಕರೆ ತಿನ್ನಲು ಪ್ರತಿ ಬಾರಿ ನಲವತ್ತು ಜನರ ಎದುರು ಅನುಮತಿ ಕೇಳಬೇಕಾದರೆ ಮಗು ಕೇಳುವುದಿಲ್ಲ, ತಡೆದುಕೊಳ್ಳುತ್ತದೆ.

ಇದಕ್ಕೆ ಆಧಾರವಿಲ್ಲದೆ ನಾವು ಹೇಳುತ್ತಿರಲಿಲ್ಲ. ಸಿ.ಬಿ.ಎಸ್.ಇ. 2017ರಲ್ಲೇ ಟೈಪ್ 1 ಮಧುಮೇಹವಿರುವ ವಿದ್ಯಾರ್ಥಿಗಳು ಬೋರ್ಡ್ ಪರೀಕ್ಷಾ ಕೊಠಡಿಗೆ ಸಕ್ಕರೆ ಮಾತ್ರೆ, ಹಣ್ಣು, ತಿಂಡಿ, ನೀರು ಒಯ್ಯಲು ಅವಕಾಶ ಕೊಟ್ಟಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ರಾಜ್ಯಗಳಿಗೆ ಬರೆದ ಪತ್ರದಲ್ಲಿ, ವೈದ್ಯರ ಸಲಹೆಯಂತೆ ಮಗು ತರಗತಿಯಲ್ಲಿ ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ತಿಂಡಿ ತಿನ್ನಲು ಶಿಕ್ಷಕರು ಬಿಡಬೇಕು ಎಂದಿತು. ಉತ್ತರ ಪ್ರದೇಶ ಅದೇ ವರ್ಷ ಆದೇಶ ಹೊರಡಿಸಿತು. ಕಾಸರಗೋಡಿನ ನಮ್ಮ ಕನ್ನಡ ಶಾಲೆಗಳ ಮಕ್ಕಳಿಗೆ ಕೇರಳದ 'ಮಿಠಾಯಿ' ಯೋಜನೆಯಿಂದ ಇನ್ಸುಲಿನ್ ಪೆನ್ನು ಮತ್ತಿತರ ಸಲಕರಣೆ ಸಿಗುವ ವ್ಯವಸ್ಥೆಯಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ವಿಧಗಳಲ್ಲಿ ಟೈಪ್ 1 ಮಧುಮೇಹ ಇಲ್ಲ ಎಂಬುದನ್ನೂ ಪ್ರಶಿಕ್ಷಣಾರ್ಥಿಗಳು ತಿಳಿದಿರಬೇಕು. ಪ್ರಮಾಣಪತ್ರ ಇಲ್ಲ ಎಂಬ ಕಾರಣಕ್ಕೆ ಸಮನ್ವಯ ಶಿಕ್ಷಣದ ನಮ್ಮ ಪಾಠಗಳಲ್ಲಿ ಈ ಮಕ್ಕಳು ಬರುವುದೇ ಇಲ್ಲ.

ಆಟದ ವಿಷಯ ಉಳಿಯಿತು. ಅವಳಿಗೆ ಕಬಡ್ಡಿ ಇಷ್ಟ; ಕಾಯಿಲೆ ಗೊತ್ತಾದ ದಿನದಿಂದ ಬಿಡಿಸಿದ್ದರು. ವ್ಯಾಯಾಮ ಅವಳಿಗೆ ಬೇಕು, ತಯಾರಿಯೊಂದಿಗೆ. ಆಟಕ್ಕೆ ಮುಂಚೆ ಪರೀಕ್ಷೆ. 90ಕ್ಕಿಂತ ಕಡಿಮೆಯಿದ್ದರೆ ಮೊದಲು ಏನಾದರೂ ತಿನ್ನುವುದು. 250 ದಾಟಿ ಮೈ ಸರಿಯಿಲ್ಲದಿದ್ದರೆ ಅಂದು ಆಟವಿಲ್ಲ. ಆಟದ ಪರಿಣಾಮ ರಾತ್ರಿಯವರೆಗೂ ಇರುವುದರಿಂದ ಮಲಗುವಾಗ ಮತ್ತೊಮ್ಮೆ ನೋಡಬೇಕೆಂದು ಮನೆಗೆ ತಿಳಿಸಬೇಕು. ಶ್ರಾವಣದ ಉಪವಾಸ, ರೋಜಾ ಇವುಗಳನ್ನು ವೈದ್ಯರನ್ನು ಕೇಳದೆ ಹಿಡಿಯಬಾರದು.

ಬಿಸಿಲಿನ ಬಗ್ಗೆ ಒಂದು ಮಾತು. ನಮ್ಮ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು; ಬಳಸುತ್ತಿರುವುದನ್ನು ತಂಪಾದ ನೆರಳಲ್ಲಿಟ್ಟರೆ ಸುಮಾರು ನಾಲ್ಕು ವಾರ ಬರುತ್ತದೆ. ಬಿಸಿಲಿಗೆ ನಿಂತ ಬ್ಯಾಗಿನಲ್ಲಿ ಅದರ ಸತ್ವ ಹೋಗುತ್ತದೆ, ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಶಾಲೆಯಲ್ಲಿ ಫ್ರಿಜ್ ಇರಲಿಲ್ಲ. ದೊಡ್ಡ ಗಡಿಗೆಯಲ್ಲಿ ಒದ್ದೆ ಮರಳು, ಅದರೊಳಗೆ ಸಣ್ಣ ಕುಡಿಕೆ, ಅದರಲ್ಲಿ ನೀರು ತಾಗದಂತೆ ಡಬ್ಬಿಯಲ್ಲಿಟ್ಟ ಪೆನ್ನು. ಮೇಲೆ ಒದ್ದೆ ಬಟ್ಟೆ. ಮರಳು ಒಣಗದಂತೆ ನೋಡಿಕೊಳ್ಳುವ ಕೆಲಸವನ್ನು ಎಂಟನೇ ತರಗತಿಯ ಇಕೋ ಕ್ಲಬ್ಬಿನವರು ಹೊತ್ತರು, ಅದರಲ್ಲೇನಿದೆ ಎಂದು ಅವರಿಗೆ ಹೇಳಿರಲಿಲ್ಲ. ಗುಳೆ ಹೋಗುವ ಮನೆಗಳ ಮಕ್ಕಳಲ್ಲಿ ಈ ಕಾಯಿಲೆಯಿದ್ದರೆ ಹೊರಡುವ ಮೊದಲೇ ವೈದ್ಯರ ಚೀಟಿ ಮತ್ತು ಒಂದು ತಿಂಗಳ ಇನ್ಸುಲಿನ್ ಕೈಯಲ್ಲಿದೆಯೇ ಎಂದು ತರಗತಿ ಶಿಕ್ಷಕರು ಕೇಳಬೇಕು. ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆಯುವವರಿಗೇ ಮೊದಲು ಗೊತ್ತಾಗುವುದು ಅದು.

ಮೊದಲ ದಿನದ ಅವಲೋಕನ ಪತ್ರವನ್ನು ನಾನು ತಿದ್ದಿಲ್ಲ. ಆ ಎಂಟು ಅಂಕ ಹಾಗೆಯೇ ಇದೆ. ಹಿಂದಿನ ಪುಟದಲ್ಲಿ ನಡೆದದ್ದನ್ನು ಬರೆದು ಇಬ್ಬರೂ ಸಹಿ ಹಾಕಿದ್ದೇವೆ. ಅವಳ ಹೆಸರಿಲ್ಲದ ಆ ಎರಡೂ ಪುಟಗಳನ್ನು ಹೊಸ ತಂಡದ ಪೂರ್ವಸಿದ್ಧತಾ ತರಗತಿಯಲ್ಲಿ ಓದಿಸುತ್ತೇನೆ.

ಶಿಕ್ಷಕರ ಮೇಜಿನ ಖಾನೆಯಲ್ಲಿ ಒಂದು ಡಬ್ಬಿ ಇಟ್ಟು ಬಂದಿದ್ದೆವು: ಗ್ಲುಕೋಸ್ ಪುಡಿ, ಚಮಚ, ಬಿಸ್ಕತ್ತು, ತಾಯಿಯ ಮತ್ತು ವೈದ್ಯರ ದೂರವಾಣಿ ಸಂಖ್ಯೆಯ ಚೀಟಿ. ಮುಂದಿನ ತಿಂಗಳು ಹೋದಾಗ ಅದಕ್ಕೆ ಇರುವೆ ಹತ್ತಿತ್ತು, ಬಿಸ್ಕತ್ತು ಯಾರೋ ತಿಂದಿದ್ದರು. ಈಗ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಇಟ್ಟಿದ್ದೇವೆ. ಪ್ರತಿ ತಿಂಗಳ ಮೊದಲ ಸೋಮವಾರ ಅದನ್ನು ತೆರೆದು ನೋಡುವ ಕೆಲಸ ಆ ಶಾಲೆಗೆ ಹೋಗುವ ಪ್ರಶಿಕ್ಷಣಾರ್ಥಿಯದು. ಈ ವರ್ಷದ ತಂಡಕ್ಕೆ ಇನ್ನೂ ಯಾರನ್ನೂ ನೇಮಿಸಿಲ್ಲ, ಹೆಸರು ಕೊಡುವವರು ನನ್ನನ್ನು ಕಾಣಬಹುದು.